ಕಿಟಕಿಯ ಕೆಳಗಿನ ಹದಿನಾಲ್ಕನೇ ಬಳ್ಳಿ

ಮಂಡೆಕೋಲು
30 ಜುಲೈ 2025

ಪ್ರೀತಿಕಾ,

ರಾತ್ರಿ ಮೂರು ಹತ್ತು. ತೆಂಗಿನ ಮಡಲೊಂದು ಅಂಗಳದ ಸಿಮೆಂಟಿಗೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಮಗಳು ಎದ್ದಿಲ್ಲ. ಹದಿನಾರು ದಿನದವಳು, ಸೊಳ್ಳೆ ಹಾರಿದರೆ ಕಿರುಚುತ್ತಾಳೆ, ಮಡಲು ಬಿದ್ದರೆ ತುಟಿ ಚಪ್ಪರಿಸಿ ಮಲಗುತ್ತಾಳೆ. ನಾನು ಮಾತ್ರ ಎದ್ದು ಕೂತು, ಅದು ಬಿದ್ದದ್ದು ಬಳ್ಳಿಗಳ ಮೇಲೋ ಆಚೆಗೋ ಎಂದು ಕಿಟಕಿಯಲ್ಲಿ ಮುಖ ಒತ್ತಿ ನೋಡಿದೆ. ಕಿಟಕಿಯ ಕೆಳಗಿನ ಹದಿನಾಲ್ಕನೇ ಕುಂಡದ ಒಂದು ಎಲೆ ಕಂಡಿತು. ನೆಟ್ಟಗೆ ನಿಂತಿತ್ತು. ಅಷ್ಟು ಸಾಕೆನಿಸಿತು.

ಕಾಗದ ಯಾಕೆ ಅಂತ ಕೇಳ್ತೀಯ. ಅಮ್ಮ ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. “ಬಾಣಂತಿ ಮೊಬೈಲ್ ನೋಡಿದ್ರೆ ಕಣ್ಣು ಹೋಗ್ತದೆ.” ಪೆನ್ನು ಹಿಡಿಯಬಹುದಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಪೆನ್ನಿನ ವಿಷಯ ನಮ್ಮ ಅಜ್ಜಿ ಎಂತದ್ದೂ ಹೇಳ್ಲಿಲ್ಲ” ಎಂದರು. ಹಾಗಾಗಿ ಎಲೆಗಳ ಪೊಟ್ಟಣದೊಳಗೆ ಈ ಕಾಗದವನ್ನೂ ಇಡುತ್ತಿದ್ದೇನೆ. ಕೀರ್ತನ್ ಶನಿವಾರ ಕಡಬದಿಂದ ಮಗಳನ್ನು ನೋಡಲು ಬರುತ್ತಾರೆ. ಸೋಮವಾರ ಹಿಂದಿರುಗುವಾಗ ಸುಳ್ಯದಲ್ಲಿ ಸ್ಪೀಡ್ ಪೋಸ್ಟ್ ಮಾಡುತ್ತಾರೆ.

ನಿನ್ನಲ್ಲಿಯ ತಾಯಿಬಳ್ಳಿಗಳ ಕಡ್ಡಿಯಿಂದ ಎಬ್ಬಿಸಿದ ಈ ಬಳ್ಳಿಗಳು ಇಪ್ಪತ್ತನಾಲ್ಕೂ ಜೀವದಿಂದಿವೆ. ಎರಡು ಸಾಲು, ನಂಬರು ಕಲಸಿ ಇಟ್ಟದ್ದು, ಮುಂದೆ ಹನ್ನೊಂದು, ಹಿಂದೆ ಹನ್ನೆರಡು. ಹದಿನಾಲ್ಕನ್ನು ಮಾತ್ರ ನನ್ನ ಕಿಟಕಿಯ ಕೆಳಗೆ ಇಡಿಸಿದ್ದೇನೆ. ನಗಬೇಡ. ಮೂರು ವರ್ಷದ ಹಿಂದೆ ಅದು ಹುಟ್ಟಿದ ಹೂವಿಗೆ ಪರಾಗ ಮುಟ್ಟಿಸಿದ್ದು ನಾನು, ಕುಂಚ ಹಿಡಿದು, ಉಸಿರು ಬಿಗಿಹಿಡಿದು. ಕಣ್ಣೆದುರು ಇರಲಿ ಅಂತ.

ಅಪ್ಪ ಮೊನ್ನೆ ಕೇಳಿದರು: “ದ್ರಾಕ್ಷಿಯನ್ನು ಈ ಮಳೆಗೆ ತಂದು ಎಂತ ಮಾಡುದು ಮಗ? ವಿಜಯಪುರದಲ್ಲಿ ಬಿಸಿಲಿಗೆ ಬರವಾ?”

ಬಿಸಿಲೇ ತೊಂದರೆ ಅಂದೆ. ಅಲ್ಲಿ ಎಲೆಯಡಿ ಬಿಳಿ ಬೂಜು ಏಳುವ ತುಪ್ಪಟ ರೋಗ ಬರಿಸಬೇಕಾದರೆ ನಾವು ಮಂಜಿನ ಕೋಣೆ ಕಟ್ಟಬೇಕು, ಇಲ್ಲಿ ಆಕಾಶವೇ ಆ ಕೆಲಸ ಮಾಡುತ್ತದೆ. ಬೀಜವಿಲ್ಲದ ಸಿಹಿ ದ್ರಾಕ್ಷಿಗೂ ಕಾಡುಬಳ್ಳಿಗೂ ಹುಟ್ಟಿದ ಇಪ್ಪತ್ತೆರಡು ಮಕ್ಕಳಲ್ಲಿ ಯಾವುದು ಮದ್ದಿಲ್ಲದೆ ಬದುಕುತ್ತದೆ ಎಂದು ನೋಡುವುದು. ಉಳಿದೆರಡು ಸಾಕ್ಷಿ ಗಿಡಗಳು, ಬರೀ ಸಿಹಿ ಜಾತಿ. ಅವಕ್ಕೆ ರೋಗ ಬರಲೇಬೇಕು, ಬಂದರೆ ಮಾತ್ರ ಪರೀಕ್ಷೆ ನಡೆದಿದೆ ಎಂದರ್ಥ. ಡಿಎನ್‌ಎಯ ಗುರುತು ಅಂದರೆ ಜಾತಕ, ಎಲೆಯ ರಸ ಅಂದರೆ ನಾಡಿ, ಮಳೆಯಲ್ಲಿ ನಿಂತು ತೋರಿಸುವುದು ಬಾಳುವೆ, ಮೂರೂ ಕೂಡಿ ಬರಬೇಕು ಅಂದೆ.

ಅಪ್ಪ ತಲೆಯಾಡಿಸಿದರು. “ಜಾತಕ ಕೂಡಿ ಬಂದ ಎಷ್ಟು ಮದುವೆ ನಾನು ನೋಡ್ಲಿಲ್ಲ.”

ರೋಗಕ್ಕೆ ಇಲ್ಲಿ ಬರವಿಲ್ಲ. ನೆರೆಮನೆಯ ಆದಂ ಕುಂಞಿಯವರ ಚಪ್ಪರದಲ್ಲಿ ಒಂದು ಹಳೆಯ ದ್ರಾಕ್ಷಿ ಬಳ್ಳಿ ಉಂಟು. ಹತ್ತು ವರ್ಷದಲ್ಲಿ ಒಂದು ಹಣ್ಣು ಬಿಟ್ಟಿಲ್ಲ, ಪ್ರತಿ ಮಳೆಗಾಲಕ್ಕೂ ಎಲೆಯಡಿ ಹಿಟ್ಟು ಬಳಿದ ಹಾಗೆ ಬೆಳ್ಳಗಾಗುತ್ತದೆ. ಎಂಟನೇ ತಿಂಗಳ ಹೊಟ್ಟೆ ಹೊತ್ತುಕೊಂಡು ಹೋಗಿ ಆ ಎಲೆಗಳನ್ನು ತಂದು ಎಲ್ಲ ಕುಂಡಗಳ ಮೇಲೂ ಕೊಡವಿದ್ದೇನೆ. “ರೋಗ ಬೇಕು ಅಂತ ಕೇಳಿಕೊಂಡು ಬಂದ ಮೊದಲ ಬಸುರಿ ನೀವೇ” ಎಂದರು ಆದಂ ಕುಂಞಿ.

ಅವಳು ಎದ್ದಳು. ಮುಗಿಸುತ್ತೇನೆ.

ಮೋಕ್ಷಿತಾ

*

ವಿಜಯಪುರ
9 ಆಗಸ್ಟ್ 2025

ಮೋಕ್ಷಿ,

ನಿನ್ನ ಎಲೆಗಳು ಒಣಗಿ ಹಪ್ಪಳವಾಗಿ ಬಂದವು, ಡಿಎನ್‌ಎಗೆ ಅಷ್ಟೇ ಬೇಕಾದದ್ದು. ರಸ ನೋಡಲು ಇಲ್ಲಿಯ ತಾಯಿಬಳ್ಳಿಗಳ ಹಸಿ ಎಲೆಯೇ ಉಂಟಲ್ಲ. ಒಂದು ಸುದ್ದಿ ಹೇಳುತ್ತೇನೆ, ಮಗುವನ್ನು ಕೆಳಗೆ ಮಲಗಿಸಿ ಓದು. ಕಾಡುಬಳ್ಳಿಯ ಮೂರು ಗುರುತುಗಳೂ ಒಟ್ಟಿಗೆ ಇಳಿದು ಬಂದಿರುವುದು ಇಪ್ಪತ್ತೆರಡರಲ್ಲಿ ಒಂದಕ್ಕೇ. ಯಾವುದಕ್ಕೆ ಅಂತ ನಾನು ಹೇಳಬೇಕಾ? ನಿನ್ನ ಕಿಟಕಿಯ ಕೆಳಗಿನದಕ್ಕೆ.

ರಸವೂ ಹಾಗೆಯೇ. ರೋಗ ಮುಟ್ಟಿಸಿದ ಮೂರನೇ ದಿನ ಎಲೆಯನ್ನು ಅರೆದು ಯಂತ್ರಕ್ಕೆ ಹಾಕಿದೆ. ಬಳ್ಳಿ ತನಗೆ ತಾನೇ ಅರೆದುಕೊಳ್ಳುವ ಕಷಾಯ, ಆ ಸ್ಟಿಲ್ಬೀನು, ಯಂತ್ರ ಬರೆದ ಗೆರೆಯಲ್ಲಿ ಬೇರೆಯವಕ್ಕೆ ಹೆಚ್ಚೆಂದರೆ ದಿಬ್ಬದಷ್ಟು. ಹದಿನಾಲ್ಕರದ್ದು ಕಾಗದದ ಮೇಲಂಚು ಮುಟ್ಟಿತು. ಯಂತ್ರ ಕೆಟ್ಟಿತೋ ಅಂತ ಇನ್ನೊಮ್ಮೆ ಹಾಕಿದೆ. ಮತ್ತೆ ಹಾಗೆಯೇ.

ಇನ್ನು ಮಂಡೆಕೋಲಿನ ಮಳೆ ಹೌದು ಎನ್ನಬೇಕು, ಅಷ್ಟೇ ಬಾಕಿ. ನೀನು ನೋಡುವಾಗ ಎಲೆ ಮಗುಚಿ ಅಡಿ ನೋಡು. ನಿನಗೆ ಕಲಿಸಬೇಕಾಗಿಲ್ಲ, ಆದರೂ ಹೇಳುತ್ತೇನೆ: ತುಪ್ಪಟ ಏಳುವುದು ಕತ್ತಲೆಯಲ್ಲಿ, ಬೆಳಗಿನ ಜಾವ ನೋಡಿದರೆ ಮೋಸವಿಲ್ಲ. ಹೇಗೂ ಆ ಹೊತ್ತಿಗೆ ನಿನ್ನ ಮೇಲಧಿಕಾರಿ ಎಬ್ಬಿಸುತ್ತಾಳಲ್ಲ. ಅಂಗಳಕ್ಕೆ ಇಳಿಯುವಾಗ ಕಿವಿಗೆ ಹತ್ತಿ ಇಟ್ಟುಕೋ.

ಸಾಕ್ಷಿ ಗಿಡ ಎರಡೂ ಬೆಳ್ಳಗಾದವಾ? ಬರೆ.

ಇಲ್ಲಿ ಮೂವತ್ತೈದು ಡಿಗ್ರಿ. ನರಿಮೊಗರಿನಿಂದ ಅಮ್ಮ ಪತ್ರೊಡೆ ಕಳಿಸುತ್ತೇನೆಂದರು. ದಾರಿಯಲ್ಲೇ ಹಾಳಾದೀತು ಎಂದು ಬೇಡವೆಂದೆ, ಈಗ ಕೂತು ಮರುಗುತ್ತಿದ್ದೇನೆ.

ಪ್ರೀತಿಕಾ

*

ಮಂಡೆಕೋಲು
14 ಆಗಸ್ಟ್ 2025

ಪ್ರೀತಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಚಿದಲ್ಲಿ ಹರಿಯಲು ಶುರುವಾಗಿದೆ. ಮಗಳಿಗೂ ಓದಿ ಹೇಳಿದೆ. “ಕಾಗದದ ಮೇಲಂಚು ಮುಟ್ಟಿತು” ಎಂಬಲ್ಲಿ ಅವಳು ಕಕ್ಕಿದಳು.

ಇವತ್ತಿಗೆ ತಿಂಗಳು ತುಂಬಿತು. ರಾತ್ರಿ ನಾಲ್ಕು ಸಲ ಏಳುತ್ತಾಳೆ, ಆಮೇಲೆ ಅವಳು ಮಲಗುತ್ತಾಳೆ, ನಾನು ಅವಳ ಉಸಿರು ಎಣಿಸುತ್ತೇನೆ. ಅಮ್ಮನಿಗೆ ಹೇಳಿದರೆ “ಎಣಿಸಿದ್ರೆ ಕಡಿಮೆ ಆಗ್ತದೆ, ಎಣಿಸಬೇಡ” ಎನ್ನುತ್ತಾರೆ. ಈಗ ಕದ್ದು ಎಣಿಸುತ್ತೇನೆ.

ಎಣಿಕೆ ನಡೆಯುತ್ತಿದೆ, ಬಳ್ಳಿಗಳದ್ದು. ದಿನಾ ಸಂಜೆ ಅಪ್ಪ ಕೊಡೆ ಹಿಡಿದು ನಿಲ್ಲುತ್ತಾರೆ, ಒಂದೊಂದೇ ನಂಬರು ಕೂಗುವುದು, ನಾನು ಬರೆದುಕೊಳ್ಳುವುದು. ನಮ್ಮ ಅರೆಭಾಷೆಯಲ್ಲಿ “ಮೂರು, ಚೊಕ್ಕ ಉಟ್ಟು! ಹತ್ತು, ಹಾಳ್!” ಎಂದು ಅಪ್ಪ, “ಕೂಸು ಮಲಗಿದೆ, ಮೆಲ್ಲ!” ಎಂದು ಅಮ್ಮ. ದಾರಿಯಲ್ಲಿ ಹೋಗುವ ಕೂಸಪ್ಪಣ್ಣ ಪಡಿತರದ ಹೆಸರು ಕೂಗುತ್ತಿದ್ದಾರೆಂದು ತಿಳಿದು ಚೀಲ ಹಿಡಿದುಕೊಂಡು ಬಂದಿದ್ದರಂತೆ.

ಮೊನ್ನೆ ನಾಲ್ಕು ದಿನ ಮಳೆ ಬಿಟ್ಟಿತ್ತು. ಈಗ ಮತ್ತೆ ಹಿಡಿದಿದೆ. ಪಟ್ಟಿ ಇದರೊಂದಿಗೆ ಇದೆ. ಮುಂದಿನ ಸಾಲು ಹೆಚ್ಚು ಕಡಿಮೆ ಪೂರ್ತಿ ಶುಭ್ರ. ಅದರಲ್ಲೂ ಮೂರು, ಹದಿನೇಳು, ಇಪ್ಪತ್ತೊಂದು ಎಣ್ಣೆ ಹಚ್ಚಿದ ಹಾಗೆ. ಹಿಂದಿನ ಸಾಲು ಕೊಳೆಯುತ್ತಿದೆ.

ಹದಿನಾಲ್ಕಕ್ಕೆ ಚುಕ್ಕಿ ಬಿದ್ದಿದೆ, ಪ್ರೀತಿ. ಅದನ್ನು ಬರೆಯಲಾಗದೆ ಇಷ್ಟು ಹೊತ್ತು ಬೇರೆಲ್ಲ ಬರೆದೆ. ಎಲೆಯ ಮೇಲೆ ಕಂದು ಚುಕ್ಕಿ, ಸಾಸಿವೆ ಚೆಲ್ಲಿದ ಹಾಗೆ. ನನ್ನ ಕಣ್ಣಾರೆ ಕಂಡದ್ದು. ಇನ್ನೂ ಹತ್ತು ದಿನ ನೋಡುವಾ.

ಸಾಕ್ಷಿ ಗಿಡಕ್ಕೆ ರೋಗ ಬಂದಿದೆ, ಹೆದರಬೇಡ.

ಮೋಕ್ಷಿತಾ

*

ವಿಜಯಪುರ
21 ಆಗಸ್ಟ್ 2025

ಮೋಕ್ಷಿ,

ನಿನ್ನ ಪಟ್ಟಿಯನ್ನು ನಮ್ಮ ದೊಡ್ಡ ಸರ್ ಎದುರಿಟ್ಟೆ. ಕನ್ನಡಕ ತೆಗೆದು, ಒರೆಸಿ, ಹಾಕಿ, ಇನ್ನೊಮ್ಮೆ ನೋಡಿದರು. ಹದಿನೇಳಕ್ಕೆ ಕಾಡುಬಳ್ಳಿಯ ಒಂದು ಗುರುತೂ ಇಲ್ಲ, ರಸದಲ್ಲಿ ದಿಬ್ಬವೂ ಇಲ್ಲ, ಆದರೂ ನಿಮ್ಮ ಮಳೆಯಲ್ಲಿ ಶುಭ್ರವಾಗಿದೆ. “ಇದು ಹೊಸ ಬಗೆಯ ಶಕ್ತಿ ಇರಬೇಕು, ಯಾರೂ ಇನ್ನೂ ಕಂಡಿಲ್ಲದ್ದು” ಎಂದರು. ಆ ಮನುಷ್ಯ ನಕ್ಕದ್ದನ್ನು ನಾನು ನಾಲ್ಕು ವರ್ಷದಲ್ಲಿ ನೋಡಿದ್ದು ಎರಡನೇ ಸಲ.

ಹದಿನಾಲ್ಕರ ಬಗ್ಗೆ ಅವರಂದದ್ದು: ಗುರುತು ಇದ್ದರೆ ಸಾಲದು, ಹೊಲ ಹೇಳಿದ್ದೇ ಕೊನೆಯ ಮಾತು. ನಾನು ಅಷ್ಟು ಬೇಗ ಒಪ್ಪಲಿಲ್ಲ. ಆ ಚುಕ್ಕಿ ಎಂಥದ್ದು? ಹಬ್ಬುತ್ತಿದೆಯಾ, ನಿಂತಿದೆಯಾ? ಅಡಿಯಲ್ಲಿ ಬಿಳಿ ಉಂಟಾ? ನೀನು ಬರೆದದ್ದರಲ್ಲಿ ಅಡಿಯ ಮಾತೇ ಇಲ್ಲ. ಸುಸ್ತಿನಲ್ಲಿ ಬಿಟ್ಟಿರಬೇಕು ಅಂದುಕೊಂಡೆ.

ಸಾಕ್ಷಿ ಗಿಡ ಎರಡೂ ತಾನೇ?

ಅಪ್ಪ ಕೊಡೆ ಹಿಡಿದು, ನೀನು ಪುಸ್ತಕ ಹಿಡಿದು ಅಂಗಳದಲ್ಲಿ ಸಾಲಾಗಿ ನಡೆಯುವುದು ಇಲ್ಲಿಂದಲೇ ಕಾಣುತ್ತದೆ ನನಗೆ. ಪುಣ್ಯವಂತೆ ನೀನು.

ಬೇರೆ ವಿಶೇಷ ಎಂತದ್ದೂ ಇಲ್ಲ. ಎಲ್ಲ ನಿಧಾನಕ್ಕೆ ನಡೆಯುತ್ತಿದೆ, ನೀನು ಅವಸರ ಮಾಡುವುದು ಬೇಡ. ನಿದ್ದೆ ಮಾಡು.

ಪ್ರೀತಿಕಾ

*

ಮಂಡೆಕೋಲು
30 ಆಗಸ್ಟ್ 2025

ಪ್ರೀತಿ,

ಕೊನೆಯ ಪಟ್ಟಿ ಇದು. ಬದಲಾವಣೆ ಇಲ್ಲ. ಶುಭ್ರವಾಗಿರುವವು ಶುಭ್ರವಾಗಿವೆ. ಹದಿನಾಲ್ಕರ ಚುಕ್ಕಿ ಹೆಚ್ಚಾಗಿದೆ, ಎಲೆಗೆ ಇಪ್ಪತ್ತು ಮೂವತ್ತು. ದಿನಾ ಕಿಟಕಿಯಿಂದ ನೋಡಿ ಸಾಕಾಗಿದೆ. ಅಮ್ಮನಿಗೆ ಹೇಳಿ ಪರದೆ ಹಾಕಿಸಿದೆ.

ಬಾಣಂತನದ ನಲ್ವತ್ತು ಮುಗಿಯಿತು. ಆದರೆ ಮಗಳಿಗೆ ಶೀತ ಹಿಡಿದದ್ದರಿಂದ ಅಮ್ಮ ಅದನ್ನು ಅರುವತ್ತಕ್ಕೆ ಏರಿಸಿದ್ದಾರೆ. ವಾದ ಮಾಡಲು ನನ್ನಲ್ಲಿ ಶಕ್ತಿ ಇಲ್ಲ. ರಾತ್ರಿ ಎರಡು ಗಂಟೆಗೆ ಒಂದು ಯೋಚನೆ ಬರುತ್ತದೆ: ಮೂರು ವರ್ಷ ನಾನು ಒಂದು ತಪ್ಪು ಬಳ್ಳಿಯನ್ನು ಪ್ರೀತಿಸಿದೆ, ಈಗ ಇವಳನ್ನು ಹಿಡಿದುಕೊಳ್ಳುವ ರೀತಿಯಲ್ಲೂ ಏನೋ ತಪ್ಪಿದ್ದೀತು ಅಂತ. ಬೆಳಗಾದರೆ ಹೋಗುತ್ತದೆ.

ಸರ್ ಹೇಳಿದ ಹಾಗೆ ಮಾಡು. ಹೊಲ ಹೇಳಿದ್ದೇ ಸರಿ.

ಮೋ.

*

ವಿಜಯಪುರ
19 ಸೆಪ್ಟೆಂಬರ್ 2025

ಮೋಕ್ಷಿತಾ,

ಇಪ್ಪತ್ತು ದಿನ ಒಂದಕ್ಷರ ಇಲ್ಲ. ಎಲೆಯ ಪೊಟ್ಟಣ ಬಂತು, ಬಿಡಿಸಿ, ಕೊಡವಿ ನೋಡಿದೆ, ಕಾಗದವಿಲ್ಲ. ನನ್ನ ಮೇಲೆ ಕೋಪವಾ? ಬಾಣಂತಿ ಅಂತ ಇಷ್ಟು ದಿನ ಒಂದು ವಿಷಯ ಹೇಳದೆ ಇಟ್ಟಿದ್ದೆ. ಬಾಣಂತಿಯ ಕಿವಿಗೆ ಬೇಸರದ ಸುದ್ದಿ ಹಾಕಬಾರದು ಎಂದು ನಮ್ಮ ಅಮ್ಮನೂ ಹೇಳಿದರು. ಈಗ ಅರುವತ್ತು ದಾಟಿತಲ್ಲ. ಹೇಳಿಬಿಡುತ್ತೇನೆ.

ಅಕ್ಟೋಬರಿನಲ್ಲಿ ಬಳ್ಳಿ ಸವರುವ ಮೊದಲು ನಮ್ಮ ತುಂಡು ಜಾಗ ಖಾಲಿ ಮಾಡಬೇಕೆಂದು ಆಗಸ್ಟಿನಲ್ಲೇ ತೀರ್ಮಾನವಾಗಿತ್ತು. ಇಪ್ಪತ್ತೆರಡು ತಾಯಿಬಳ್ಳಿಗಳಲ್ಲಿ ಉಳಿಯುವುದು ಮೂರು: ಮೂರು, ಹದಿನೇಳು, ಇಪ್ಪತ್ತೊಂದು. ಬಾಕಿಯವನ್ನು ಶುಕ್ರವಾರ, ಇಪ್ಪತ್ತಾರನೇ ತಾರೀಕು, ಬೆಳಿಗ್ಗೆ ಆರೂವರೆಗೆ ಕೀಳುತ್ತಾರೆ. ಬಿಸಿಲೇರುವ ಮೊದಲು ಮುಗಿಸಬೇಕಂತೆ. ಹದಿನಾಲ್ಕೂ ಹೋಗುತ್ತದೆ. ಪಟ್ಟಿಗೆ ಸಹಿ ಹಾಕಿದ್ದು ನಾನೇ.

ಕಳೆದ ಸಲ ಅದು ಬಿಟ್ಟ ಒಂದೇ ಗೊನೆ ನೆನಪುಂಟಾ? ನೀನು ತಿನ್ನಲು ಬಿಡದೆ ಹಣ್ಣಿನ ತೂಕ, ಸಕ್ಕರೆ ಎಲ್ಲ ಬರೆದಿಟ್ಟದ್ದು? ಆ ಪುಟ ತೆಗೆದು ನೋಡಿದೆ. ಅಷ್ಟು ಸಿಹಿಯ ಹಣ್ಣು ನಮ್ಮ ಇಡೀ ಹಿಂಡಿನಲ್ಲಿ ಇನ್ನೊಂದಿಲ್ಲ. ನಿನ್ನಲ್ಲಿರುವುದು ಅದರ ಮೊಣಕಾಲೆತ್ತರದ ಕಡ್ಡಿಯಷ್ಟೇ. ಅದು ಹಣ್ಣಿಗೆ ಬರಬೇಕಾದರೆ ಇನ್ನೂ ಎರಡು ವರ್ಷ. ನಮ್ಮ ಯೋಜನೆಗೆ ಉಳಿದಿರುವುದು ಒಂದು.

ನಿನಗೆ ಹೇಳಲು ಏನಾದರೂ ಇದ್ದರೆ ಈಗ ಹೇಳು, ಮಾರಾಯ್ತಿ. ನಾನು ನಿನ್ನ ಪಟ್ಟಿಯನ್ನು ನಂಬಿ ಸಹಿ ಹಾಕಿದವಳು.

ಪ್ರೀತಿಕಾ

*

ಮಂಡೆಕೋಲು
26 ಸೆಪ್ಟೆಂಬರ್ 2025
ಬೆಳಗಿನ ಜಾವ ನಾಲ್ಕಕ್ಕೆ ಇಪ್ಪತ್ತು ನಿಮಿಷ

ಪ್ರೀತಿ, ನನ್ನ ಪ್ರೀತಿ,

ನಿನ್ನ ಕಾಗದ ನನ್ನ ಕೈಗೆ ಬಂದದ್ದು ನಿನ್ನೆ ಸಂಜೆ ಏಳಕ್ಕೆ, ಅಂಚೆಯಣ್ಣ ಆದಂ ಕುಂಞಿಯವರ ಮನೆಯಲ್ಲಿ ಕೊಟ್ಟು ಹೋಗಿದ್ದರು. ಆಗಿನಿಂದ ಹನ್ನೊಂದು ಸಲ ಫೋನ್ ಮಾಡಿದೆ. ಮೊದಲು ನೆಟ್‌ವರ್ಕ್ ಇಲ್ಲ, ಸಿಕ್ಕಿದಾಗ ನಿನ್ನದು ಸ್ವಿಚ್ ಆಫ್. ನೀನು ಒಂಬತ್ತಕ್ಕೆ ಆರಿಸಿ ಮಲಗುವವಳು, ಐದಕ್ಕೆ ಎದ್ದು ಹಾಸಿಗೆಯಲ್ಲೇ ಮೇಲ್ ನೋಡುವವಳು. ಅದನ್ನು ನಂಬಿ ಇದನ್ನು ಬರೆದು, ಪುಟ ಪುಟ ಫೋಟೋ ತೆಗೆದು ಮೇಲ್ ಹಾಕುತ್ತಿದ್ದೇನೆ. ಸರ್‌ಗೂ ನಾಲ್ಕು ಸಾಲು ಹಾಕಿದ್ದೇನೆ, ಆದರೆ ಅವರು ಮೇಲ್ ನೋಡುವುದು ಹತ್ತಕ್ಕೆ. ಹತ್ತಕ್ಕೆ ಏನು ಪ್ರಯೋಜನ?

ಮೊದಲು ವಿಷಯ: ಹದಿನಾಲ್ಕನ್ನು ಕೀಳಿಸಬೇಡ. ಇಪ್ಪತ್ತೆರಡರಲ್ಲಿ ಯಾವುದನ್ನೂ ಕೀಳಿಸಬೇಡ. ನನ್ನ ಪಟ್ಟಿ ಸುಳ್ಳು.

ಈಗ ಕಾರಣ. ಅರುವತ್ತು ದಿನ ನಾನು ಅಂಗಳಕ್ಕೆ ಕಾಲಿಟ್ಟಿಲ್ಲ. ಒಂದು ಎಲೆಯನ್ನೂ ಮಗುಚಿ ನೋಡಿಲ್ಲ. ಅಪ್ಪ ಹೊರಗೆ ಕೊಡೆ ಹಿಡಿದು ಕೂಗುತ್ತಿದ್ದರು, ನಾನು ಒಳಗೆ ಹಾಸಿಗೆಯಲ್ಲಿ ಕೂತು ಬರೆಯುತ್ತಿದ್ದೆ. ನೀನು “ಸಾಲಾಗಿ ನಡೆಯುವುದು ಕಾಣುತ್ತದೆ” ಎಂದು ಬರೆದಾಗ ತಿದ್ದಬೇಕಿತ್ತು. ತಿದ್ದಲಿಲ್ಲ. ಹೆತ್ತ ಮೇಲೆ ಇವಳ ಕೈಯಲ್ಲಿ ಕೆಲಸ ಆಗುವುದಿಲ್ಲ ಎಂದು ಅಲ್ಲಿ ಯಾರಾದರೂ ಹೇಳಿಯಾರು ಎಂಬ ಭಯ. ಸಾಕ್ಷಿ ಗಿಡಗಳ ವಿಷಯವೂ ಅಷ್ಟೇ. ಹಿಂದಿನ ಸಾಲಿನದ್ದು ಬೆಳ್ಳಗಾಗಿತ್ತು, ಮುಂದಿನ ಸಾಲಿನದ್ದು ಶುಭ್ರವಾಗಿತ್ತು. ಅಪ್ಪ ನಂಬರು ತಪ್ಪಿರಬೇಕು ಅಂದುಕೊಂಡು, ನಿನ್ನ ಪ್ರಶ್ನೆಗೆ ಅರ್ಧ ಮಾತ್ರ ಉತ್ತರಿಸಿದೆ.

ಸೆಪ್ಟೆಂಬರ್ ಹದಿಮೂರಕ್ಕೆ ಅಮ್ಮ ಹೊಸಿಲು ದಾಟಲು ಬಿಟ್ಟರು. ತಲೆಗೆ ಮಫ್ಲರ್, ಕಾಲಿಗೆ ಸಾಕ್ಸ್, ಕೈಯಲ್ಲಿ ಕೊಡೆ. ಮುಂದಿನ ಸಾಲಿನ ಹೊಸ ಚಿಗುರೆಲೆ ಮಗುಚಿದೆ. ಬಿಳಿ! ಹದಿನೇಳರಲ್ಲಿ ಬಿಳಿ, ಮೂರರಲ್ಲಿ ಬಿಳಿ. ಕೆಳಗಿನ ಹಳೆಯ ಎಲೆಗಳು ಮಾತ್ರ ಶುಭ್ರ, ಮತ್ತು ತೊಟ್ಟಿನ ಸಂದಿಯಲ್ಲಿ ತಿಳಿ ನೀಲಿ ಬಣ್ಣದ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಲ್ಲಿ ಕೆರೆದೆ. ಈ ಊರಿನಲ್ಲಿ ಹುಟ್ಟಿದವಳಿಗೆ ಆ ಬಣ್ಣ ಯಾವುದೆಂದು ಹೇಳಿಕೊಡಬೇಕಾ?

“ಅಪ್ಪಾ, ಇದಕ್ಕೆ ಎಂತ ಬಿಟ್ಟದ್ದು?”

“ಎಂತ ಇಲ್ಲ ಮಗ. ಮೈಲುತುತ್ತು.”

“ಯಾಕೆ?”

“ಯಾಕೆ ಅಂದ್ರೆ? ಬಳ್ಳಿ ಅಲ್ವಾ ಅದು? ಮಳೆ ಬಿಟ್ಟಾಗ ಕಾಳುಮೆಣಸಿಗೆ ಮದ್ದು ಬಿಟ್ಟೆ, ಕ್ಯಾನಿನ ಅಡಿಯಲ್ಲಿ ಸ್ವಲ್ಪ ಉಳಿಯಿತು. ಸುಣ್ಣ ಕಲಸಿದ ಮದ್ದು, ನಾಳೆಗೆ ಇಟ್ರೆ ಬರುದಿಲ್ಲ. ಚೆಲ್ಲುದು ಯಾಕೆ, ಮಗಳ ಬಳ್ಳಿಗೆ ಆಗಲಿ ಅಂತ. ಮುಂದಿನ ಸಾಲಿಗೇ ಮುಗಿಯಿತು. ಹಿಂದಿನದಕ್ಕೆ ಮರುದಿನ ಬಿಡುವಾ ಅಂತ ಇದ್ದೆ, ಮಳೆ ಹಿಡಿಯಿತು.”

ನಾವು ಹೇಳಿದ್ದು ರೋಗ ಬರಲಿ ಅಂತ. ಆದರೆ ಮೆಣಸು ಬೆಳೆಯುವವನ ಎದುರು ಒಂದು ಬಳ್ಳಿ ಮಳೆಯಲ್ಲಿ ನೆನೆಯುತ್ತಾ ನಿಂತರೆ, ಅವನು ಕೈಕಟ್ಟಿ ಕೂರುತ್ತಾನಾ? ನಾನೇ ಹೇಳಬೇಕಿತ್ತು. ಇಪ್ಪತ್ತೆಂಟು ವರ್ಷ ಈ ಮನೆಯಲ್ಲಿ ಮೈಲುತುತ್ತಿನ ಡ್ರಮ್ಮಿನ ಪಕ್ಕ ಬೆಳೆದವಳಿಗೆ ಅಷ್ಟು ಹೊಳೆಯಲಿಲ್ಲ.

“ಆ ಮದ್ದನ್ನು ಮೊದಲು ಕಂಡುಹಿಡಿದದ್ದೇ ದ್ರಾಕ್ಷಿಯ ಈ ರೋಗಕ್ಕೆ ಅಪ್ಪ, ಫ್ರಾನ್ಸಿನಲ್ಲಿ” ಎಂದೆ, ಅಳು ತಡೆದುಕೊಂಡು.

ಅಪ್ಪನ ಮುಖ ಅರಳಿತು. “ಹಾಗಾದ್ರೆ ನಾನು ಸರಿಯೇ ಮಾಡಿದ್ದಲ್ವಾ!”

“ಸರಿಯಂತೆ, ಸರಿ!” ಅಮ್ಮ ಬಾಗಿಲಿನಿಂದ. “ಮಗಳ ಗಿಡ ಮುಟ್ಟಬೇಡಿ ಅಂತ ನಾನು ಬಡ್ಕೊಂಡದ್ದು ಯಾರಿಗೆ?”

“ನೀನು ಬಡ್ಕೊಂಡದ್ದು ಮೊಬೈಲ್ ಮುಟ್ಟಬಾರದು ಅಂತ.”

“ಕಿಟಕಿಯ ಕೆಳಗಿನದಕ್ಕೂ ಬಿಟ್ಟಿರಾ?” ಎಂದು ಕೇಳಿದೆ.

ಅಪ್ಪ ನನ್ನನ್ನು ನೋಡಿದ ನೋಟ! ಮಗಳಿಗೆ ಓದು ಹೆಚ್ಚಾಗಿ ತಲೆ ಕೆಟ್ಟಿದೆ ಎಂಬ ಹಾಗೆ. “ಅಲ್ಲಿಗೆ ಬಿಟ್ರೆ ಗಾಳಿಯಲ್ಲಿ ನಿನಗೂ ಕೂಸಿಗೂ ಬರುದಿಲ್ವಾ? ನಾನೇನು ಅಷ್ಟೂ ಬುದ್ಧಿ ಇಲ್ಲದವನಾ?”

ಪ್ರೀತಿ, ಆ ಸಾಲುಗಳ ಮುಂದೆ ಒಮ್ಮೆ ನಿಂತು ನೋಡು. ಮದ್ದು ತಾಗಿದ್ದೆಲ್ಲ ಶುಭ್ರ. ಮದ್ದು ತಾಗದ ಹಿಂದಿನ ಸಾಲೆಲ್ಲ ಕೊಳೆತಿದೆ. ಮದ್ದು ತಾಗದೆಯೂ ಕೊಳೆಯದೆ ನಿಂತದ್ದು ಒಂದೇ ಒಂದು. ನಾನು ಪರದೆ ಹಾಕಿಸಿ ಮುಖ ತಿರುಗಿಸಿದ್ದು ಅದರ ಕಡೆಗೇ. ಓಡಿ ಹೋಗಿ ಅದರ ಎಲೆ ಮಗುಚಿದೆ. ಅಡಿಯಲ್ಲಿ ಏನೂ ಇಲ್ಲ. ಒಂದು ನೂಲಿನಷ್ಟು ಬಿಳಿಯೂ ಇಲ್ಲ. ಚುಕ್ಕಿಗಳು ಹಬ್ಬಿಯೂ ಇರಲಿಲ್ಲ. ಹೊಸವು ಬಿದ್ದಿದ್ದವು, ಬಿದ್ದಲ್ಲೇ ಒಣಗಿ ನಿಂತಿದ್ದವು. ರೋಗ ಹೊಕ್ಕ ಜಾಗದ ನಾಲ್ಕು ಜೀವಕಣಗಳನ್ನು ಬಳ್ಳಿ ತಾನೇ ಸಾಯಿಸಿ, ಸುತ್ತ ಬೇಲಿ ಹಾಕಿ, ಒಳಗೆ ಬಂದದ್ದನ್ನು ಅಲ್ಲೇ ಉಪವಾಸ ಕೆಡವಿತ್ತು. ನಾವು ಪಾಠದಲ್ಲಿ ಓದಿದ್ದೇ ಅದು. ಆ ಸಾಸಿವೆ ಕಾಳುಗಳು ರೋಗದ ಗುರುತಲ್ಲ, ಗೆದ್ದದ್ದರ ಗುರುತು. ಒಂದೂವರೆ ತಿಂಗಳು ಕಿಟಕಿಯಿಂದ ಎಲೆಯ ಮೇಲ್ಮೈ ಮಾತ್ರ ನೋಡಿ ನಾನು ಅದನ್ನು ಸಾಯುತ್ತಿದೆ ಎಂದು ಬರೆದೆ. ನೀನು ಅಡಿ ಕೇಳಿದಾಗ ಉತ್ತರಿಸಲು ನನಗೆ ಅಡಿ ಕಾಣುತ್ತಿರಲಿಲ್ಲ.

ಅವತ್ತೇ, ಎಲೆಯ ಪೊಟ್ಟಣದ ಜೊತೆ, ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ಒಮ್ಮೆ ಸುಳ್ಳು ಪಟ್ಟಿ ಕೊಟ್ಟವಳ ಎರಡನೇ ಮಾತನ್ನು ಯಾರು ನಂಬುತ್ತಾರೆ? ಕೈಯಲ್ಲಿ ಸಾಕ್ಷ್ಯ ಇಟ್ಟುಕೊಂಡು ಬರೆಯುವಾ ಅಂತ ಇದ್ದೆ. ಕೀಳುವ ದಿನ ಗೊತ್ತಿರಲಿಲ್ಲವಲ್ಲ, ಅಕ್ಟೋಬರಿನವರೆಗೆ ಸಮಯ ಉಂಟು ಎಂದೇ ಲೆಕ್ಕ. ಹತ್ತೊಂಬತ್ತಕ್ಕೆ ಆದಂ ಕುಂಞಿಯವರ ಚಪ್ಪರದಿಂದ ಬೆಳ್ಳಗಾದ ಎಲೆ ತಂದೆ. ಮದ್ದು ಕಾಣದ ಹೊಸ ಎಲೆಗಳನ್ನು ಕಿತ್ತೆ: ಸಾಕ್ಷಿ ಗಿಡದ್ದು, ಮೂರು, ಹದಿನೇಳು, ಇಪ್ಪತ್ತೊಂದು, ಹದಿನಾಲ್ಕು. ಎಲ್ಲವನ್ನೂ ತೊಳೆದು, ಆ ಬಿಳಿಯನ್ನು ನೀರಿನಲ್ಲಿ ಕದಡಿ ಎಲೆಯಡಿಗೆ ಹಚ್ಚಿ, ಅಮ್ಮನ ಐದು ಸ್ಟೀಲ್ ಡಬ್ಬಗಳಲ್ಲಿ ಒದ್ದೆ ಬಟ್ಟೆ ಹಾಸಿ ಮುಚ್ಚಿಟ್ಟೆ. ಹಗಲು ಬೆಳಕಿಗೆ ಮುಚ್ಚಳ ಸಡಿಲಿಸುವುದು, ರಾತ್ರಿ ಬಿಗಿಯುವುದು. ಅಮ್ಮ ದಿನಾ ಕೇಳಿದರು: “ನನ್ನ ಉಪ್ಪಿನಕಾಯಿ ಡಬ್ಬಕ್ಕೆ ಇನ್ನೂ ಎಷ್ಟು ದಿನ ಬಾಣಂತನ?”

ನಿನ್ನ ಕಾಗದ ಓದಿ ಹೇಳಿದಾಗ ಅಪ್ಪ ಊಟದಿಂದ ಅರ್ಧಕ್ಕೆ ಎದ್ದರು. ಅಮ್ಮ ಬೈಯಲೂ ಇಲ್ಲ, ಅದೇ ಭಯವಾದದ್ದು. ಡಬ್ಬಗಳಿಗೆ ಏಳು ರಾತ್ರಿ ತುಂಬುವುದು ಇವತ್ತು ಬೆಳಗಿನ ಜಾವಕ್ಕೆ. ಮಗಳಿಗೆ ಹಾಲು ಕೊಟ್ಟು ಮೂರು ಗಂಟೆಗೆ ಅಡುಗೆಮನೆಗೆ ಬಂದರೆ ಅಪ್ಪ ಟಾರ್ಚ್ ಹಿಡಿದು ಡಬ್ಬಗಳ ಎದುರು ಕೂತಿದ್ದಾರೆ. ಯಾವಾಗಿನಿಂದಲೋ. ಒಂದನ್ನೂ ಮುಟ್ಟಿರಲಿಲ್ಲ.

“ನೀನೇ ತೆಗಿ ಮಗ. ನಾನು ಮುಟ್ಟಿದ್ದು ಸಾಕು.”

ತೆಗೆದೆ. ಸಾಕ್ಷಿ ಗಿಡ, ಅಕ್ಕಿಹಿಟ್ಟು. ಮೂರು, ಬಿಳಿ. ಹದಿನೇಳು, ಸರ್ ನಕ್ಕ ಆ ಹದಿನೇಳು, ಎಲ್ಲಕ್ಕಿಂತ ಬಿಳಿ. ಇಪ್ಪತ್ತೊಂದು, ಬಿಳಿ. ಕೊನೆಯ ಡಬ್ಬ ತೆಗೆಯುವಾಗ ಅಪ್ಪ ಟಾರ್ಚನ್ನು ಎಲೆಯ ಹತ್ತಿರಕ್ಕೆ ತಂದರು.

“ನನ್ನ ಕಣ್ಣಿಗೆ ಸರಿ ಕಾಣುದಿಲ್ಲ. ಬಿಳಿ ಉಂಟಾ?”

“ಇಲ್ಲ ಅಪ್ಪ.”

“ಸರಿ ನೋಡು. ಅಡಿ ನೋಡು.”

“ಅಡಿಯೇ ನೋಡುತ್ತಿದ್ದೇನೆ. ಚುಕ್ಕಿ ಮಾತ್ರ. ಬಿಳಿ ಇಲ್ಲ.”

ಅವರು ಟಾರ್ಚ್ ಆರಿಸಿದರು. ಕತ್ತಲೆಯಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿತು. “ಒಂದು ಹಿಡಿ ಅನ್ನ ಉಂಟಾ ಕೇಳು ಅಮ್ಮನ ಹತ್ತಿರ” ಎಂದರು. ಈಗ ಮೊಸರು ಕಲಸಿ ಉಣ್ಣುತ್ತಿದ್ದಾರೆ, ನಾಲ್ಕು ಗಂಟೆಗೆ. ಅಮ್ಮ ಬೈಯುತ್ತಾ ಬಡಿಸುತ್ತಿದ್ದಾರೆ. ಮನೆಗೆ ಮನೆಯ ಸದ್ದು ಬಂದಿದೆ.

ಜಾತಕ, ನಾಡಿ, ಬಾಳುವೆ, ಮೂರೂ ಕೂಡಿ ಬಂತು, ಪ್ರೀತಿ. ನಿನ್ನ ಯಂತ್ರ ಸರಿ, ನಿನ್ನ ಗುರುತು ಸರಿ, ನೀನು ಸಂಶಯಪಟ್ಟದ್ದು ಸರಿ. ತಪ್ಪಿದ್ದು ನಾನೊಬ್ಬಳೇ. ಅದನ್ನು ಬರೆಯುವಾಗ ಭಯವಾಗಬೇಕಿತ್ತು. ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗಾಗಿದೆ, ಅಷ್ಟೇ. ಸರ್ ಬೈಯಲಿ. ಕೆಲಸದಿಂದ ತೆಗೆದರೂ ತೆಗೆಯಲಿ, ಸುಳ್ಳು ಪಟ್ಟಿಯ ಮೇಲೆ ಕೂತ ಕೆಲಸ ಬೇಡ. ನಿನ್ನ ಸಹಿಯ ಹೊಣೆ ನನ್ನದೆಂದು ಅವರಿಗೆ ಬರೆದಿದ್ದೇನೆ. ಡಬ್ಬಗಳ ಫೋಟೋ ಐದೂ ಇದರೊಂದಿಗೆ ಇವೆ.

ಒಂದು ವಿಷಯ ಮಾತ್ರ ಬಾಕಿ, ಅದು ನನ್ನ ಕೈಯಲ್ಲಿಲ್ಲ. ಆರೂವರೆಗೆ ಹಾರೆ ಹಿಡಿದು ಬರುವವರಿಗೆ ಈ ಪುರಾಣ ಗೊತ್ತಿಲ್ಲ. ನೀನು ಚಹಾ ಕುಡಿಯಬೇಡ, ಮುಖ ತೊಳೆಯಬೇಡ, ಮೊದಲು ತೋಟಕ್ಕೆ ಹೋಗಿ ಹದಿನಾಲ್ಕರ ಎದುರು ನಿಲ್ಲು. ಅವರು ಬೇರೆ ಕಡೆಯಿಂದ ಶುರು ಮಾಡಿದರೆ ಅಲ್ಲಿಗೆ ಓಡು.

ಮೊಬೈಲ್ ಈಗ ನನ್ನ ಮಡಿಲಲ್ಲೇ ಉಂಟು, ಕೀಲಿ ಅಮ್ಮನೇ ಕೊಟ್ಟದ್ದು. ಇದನ್ನು ಕಳಿಸಿ ಅಂಗಳದ ಮೂಲೆಯಲ್ಲಿ, ನೆಟ್‌ವರ್ಕ್ ಒಂದು ಗೆರೆ ಸಿಗುವಲ್ಲಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಲ್ಲುತ್ತೇನೆ, ಅಪ್ಪ ಕೊಡೆ ಹಿಡಿಯುತ್ತಾರೆ. ಅವಳು ಎದ್ದರೆ ಏಳಲಿ, ಅತ್ತರೆ ಅಳಲಿ, ಹೊತ್ತಲ್ಲದ ಹೊತ್ತು ಅಂತ ಯೋಚಿಸಬೇಡ. ಇದನ್ನು ಪೂರ್ತಿ ಓದಬೇಕಾಗಿಯೂ ಇಲ್ಲ. ಕಣ್ಣು ಬಿಟ್ಟ ಕೂಡಲೇ ಫೋನ್ ಮಾಡು, ಪ್ರೀತಿ. ಬೆಳಗಾಗುವ ಮೊದಲು ಒಂದೇ ಒಂದು ಸಲ, ದಮ್ಮಯ್ಯ, ಫೋನ್ ಮಾಡು.